ಲೋಳಸರದ ಬೇರು

ಅತ್ತಿಯವರೇ,

ಲೋಳಸರದ ಎಲಿ ಮುರುಟಿದ್ದು ನೀರಡಿಕಿಗೆ ಅಲ್ಲರಿ. ಇವತ್ತು ಕಿತ್ತಿ ನೋಡಿದೆ, ಬೇರೆಲ್ಲ ಕೊಳತಾವ. ಯಾರೂ ತುಳೀಬಾರದಂತ ನೀವು ದಿನಾ ಪೂಜಿ ನೀರು ಆ ಕುಂಡಕ್ಕ ಸುರೀತೀರಿ. ಎಲಿ ಮುದುಡಿದ ಮ್ಯಾಲ ಇನ್ನೊಂದು ತಂಬಿಗಿ ಹೆಚ್ಚಿಗಿ ಸುರಿದ್ರಿ.

ಕೊಳತದ್ದು ಕೊಯ್ದು ಗಿಡಾ ನೆಳ್ಳಾಗ ಇಟ್ಟೀನಿ. ನಾಕು ದಿನ ಒಣಗಿದ ಮ್ಯಾಲ ಉಸುಕು ಕಲಸಿದ ಮಣ್ಣಾಗ ಹಚ್ರಿ. ಎಂಟು ದಿನ ಹನಿ ನೀರೂ ಬ್ಯಾಡ. ಪೂಜಿ ನೀರು ಬೇವಿನ ಗಿಡಕ್ಕ ಹಾಕ್ರಿ, ಅದು ತಡಕೋತದ.

ನಾನು ವಡಗೇರಾಕ್ಕ ಅಕ್ಕನ ಮನಿಗೆ ಹೊಂಟೀನಿ. ಮೊನ್ನಿ ನಮ್ಮ ಓಣಿ ಕಸ್ತೂರಿ ಬಸುರಿ ಕುಬಸದಾಗ ನೀವು ಮಂದಿ ಮುಂದ, “ಈಕಿ ಕೈಯಾಗ ಲೋಳಸರಾನೂ ಬದುಕಂಗಿಲ್ಲ, ಇನ್ನ ಕೂಸೆಲ್ಲಿ ಉಳೀತದ” ಅಂದ್ರಲ್ಲ, ಆ ಮಂದಿಗೆ ಈ ಬೇರು ತೋರಸ್ರಿ. ಹೊರಗ ಒಗದಿಲ್ಲ. ಕಾಗದದಾಗ ಸುತ್ತಿ ನಿಮ್ಮ ಪೂಜಿ ತಂಬಿಗಿ ಬಾಜೂಕ ಇಟ್ಟೀನಿ.

ಬಸವೇಶ್ವರಿ