ಬಸ್ಸು ನಿಲ್ಲಿಸಿ ಇಂಗಾಲ ಇಳಿಸಿದ ಕುಲಪತಿಗಳಿಗೆ

ಮಾನ್ಯ ಕುಲಪತಿಗಳೇ,

ತಮ್ಮ ವಿಶ್ವವಿದ್ಯಾಲಯದ ಕೊಟ್ಟೂರು ರಸ್ತೆಯ ಆವರಣವು ಒಂದೇ ವರ್ಷದಲ್ಲಿ ತನ್ನ ಇಂಗಾಲದ ಹೊರೆಯನ್ನು ಅರ್ಧಕ್ಕೆ ಇಳಿಸಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಸಸಿಗೆ ನೀರು ಹಾಕುತ್ತಿರುವ ತಮ್ಮ ಫೋಟೋ ಕೂಡ ಇತ್ತು. ಅಭಿನಂದನೆಗಳು. ಇಳಿಸಿದ ಹೊರೆಯನ್ನು ಎಲ್ಲಿಟ್ಟಿರಿ ಎಂಬುದು ಮಾತ್ರ ಸುದ್ದಿಯಲ್ಲಿ ಇರಲಿಲ್ಲವಾದ್ದರಿಂದ ನಾನೇ ತಿಳಿಸುತ್ತಿದ್ದೇನೆ: ಹೊಸಹಳ್ಳಿ ಹೋಬಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದೀರಿ. ತಾವು ನಿಲ್ಲಿಸಿದ ಬಸ್ಸಿನಲ್ಲಿ ಓದಲು ಬರುತ್ತಿದ್ದ ನನ್ನ ಸೊಸೆ ರೋಜಾ ಈಗ ಆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾಳೆ. ತಮ್ಮಲ್ಲೇ ಎಂ.ಎಸ್ಸಿ. ಕೊನೆಯ ವರ್ಷ, ವಿಷಯ ಪರಿಸರ ವಿಜ್ಞಾನ. ಬಸ್ಸು ಮರಳಿ ಬರದಿದ್ದರೆ ಅವಳು ಪರೀಕ್ಷೆಗೆ ಕೂರಲು ಆಗುವುದಿಲ್ಲ. ಇಷ್ಟೇ ನನ್ನ ತಕರಾರು. ಇಷ್ಟನ್ನೇ ಬರೆದು ತಮ್ಮ ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಅದರ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಬಿದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹಾಗಾಗಿ ನಾಲ್ಕು ಜನ ಓದಲಿ ಎಂದು ಈಗ ಬಹಿರಂಗವಾಗಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ದಾಕ್ಷಾಯಣಮ್ಮ. ಎಸ್ಸೆಸ್ಸೆಲ್ಸಿ ಪಾಸಾದವಳು. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದೆ. ಕುರ್ಚಿ ಮಹಿಳೆಗೆ ಮೀಸಲಾಗಿತ್ತು, ಹೆಂಡತಿ ಸಹಿ ಹಾಕುತ್ತಾಳೆ, ಗಂಡ ಗಾದಿಲಿಂಗಪ್ಪ ಪಕ್ಕದಲ್ಲಿ ಕೂತು ಕಾರುಬಾರು ನಡೆಸುತ್ತಾನೆ ಎಂದು ಊರವರು ಲೆಕ್ಕ ಹಾಕಿದ್ದರು. ನಾನು ಮೊದಲ ದಿನವೇ ಪಕ್ಕದ ಕುರ್ಚಿ ತೆಗೆಸಿದೆ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ಮಾತನ್ನು ನಾನೇ ಎಷ್ಟೋ ಜನಕ್ಕೆ ಹೇಳಿ ಕಳಿಸಿದ್ದೇನೆ, ಆದ್ದರಿಂದ ದಯವಿಟ್ಟು ಅದನ್ನು ನನಗೆ ಕಳಿಸಬೇಡಿ ಎಂದು ವಿನಂತಿಸಿಕೊಳ್ಳಲು ಹೇಳಿದೆ.

ಇನ್ನೊಂದು ಮಾತು ಸ್ಪಷ್ಟವಾಗಲಿ. ನಾನು ಇಂಗಾಲದ ಪರ ವಕಾಲತ್ತು ವಹಿಸಿ ಬಂದವಳಲ್ಲ. ನಮ್ಮ ಕಡೆ ಬಿಸಿಲು ಏನಾಗಿದೆ ಎಂದು ತಿಳಿಯಲು ನನಗೆ ಸೆಮಿನಾರು ಬೇಕಿಲ್ಲ, ಮಧ್ಯಾಹ್ನ ಕೂಡ್ಲಿಗಿ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತರೆ ಸಾಕು, ಕೂತ ಕಡೆಯೇ ತಿಳಿಯುತ್ತದೆ. ವಿಶ್ವವಿದ್ಯಾಲಯವೊಂದು ತಾನು ಎಷ್ಟು ಹೊಗೆ ಬಿಡುತ್ತಿದ್ದೇನೆಂದು ಅಳೆದು ನೋಡುತ್ತದೆ, ಕಡಿಮೆ ಮಾಡುತ್ತದೆ ಎಂದರೆ ಅದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಹೋದ ವರ್ಷ ತಾವು 'ಹಸಿರು ಆವರಣ ಸಮಿತಿ' ರಚಿಸಿ, ಅಳೆಯುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಿದಾಗ ನಮ್ಮ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ರೋಜಾ ಸಂಜೆ ಬಸ್ಸಿಳಿದು ಬಂದವಳೇ ಕೈಕಾಲು ತೊಳೆಯುವ ಮೊದಲೇ ವರದಿ ಒಪ್ಪಿಸುತ್ತಿದ್ದಳು. ಎಷ್ಟು ಬಲ್ಬು, ಎಷ್ಟು ಫ್ಯಾನು, ಹಾಸ್ಟೆಲ್ ಅಡುಗೆಮನೆಗೆ ಎಷ್ಟು ಸಿಲಿಂಡರು, ಜನರೇಟರು ಎಷ್ಟು ಡೀಸೆಲ್ ಕುಡಿಯಿತು. ಆವರಣದ ಹುಲ್ಲು ಮೇಯಲು ಬರುವ ಹುಲುಗಪ್ಪನ ಕುರಿ ಹಿಂಡನ್ನೂ ಬಿಡಲಿಲ್ಲವಂತೆ.

"ಅತ್ತಿ, ಕುರಿ ತೇಗಿದ್ರೂ ಗಾಳಿ ಕೆಡ್ತೈತಿ, ಅದೂ ಲೆಕ್ಕಕ್ಕ ಬರ್ತೈತ್ರಿ" ಎಂದಳು.

"ಹಂಗಾರ ನಿಮ್ಮ ಮಾವನ್ನ ಅತ್ತಾಗ ಕರಕೊಂಡು ಹೋಗಬ್ಯಾಡವ್ವ, ನಿಮ್ಮ ಕಾಲೇಜು ಫೇಲ್ ಆದೀತು" ಎಂದೆ.

ಅವಳ ಲೆಕ್ಕ ಮುಗಿದಾಗ ಬಸ್ಸಿನ ಡೀಸೆಲ್ಲು ಪಟ್ಟಿಯ ಮೇಲ್ಭಾಗದಲ್ಲೇ ನಿಂತಿತು. ಆದರೆ ಅದರ ಕೆಳಗೆ ಅವಳು ಒಂದು ಮಾತು ಸೇರಿಸಿದ್ದಳು: ಇಷ್ಟು ಜನ ಹುಡುಗಿಯರು ಬೇರೆ ಬೇರೆ ಗಾಡಿಯಲ್ಲಿ ಬಂದರೆ ಇದಕ್ಕಿಂತ ಎಷ್ಟೋ ಪಟ್ಟು ಹೊಗೆಯಾಗುತ್ತದೆ, ಆದ್ದರಿಂದ ಇನ್ನೊಂದು ಬಸ್ಸು ಹಾಕಿದರೆ ಒಳ್ಳೆಯದು ಎಂದು. ಸಮಿತಿಯವರು ಪಟ್ಟಿಯನ್ನು ಓದಿದರು, ಕೆಳಗಿನ ಮಾತನ್ನು ಓದಲಿಲ್ಲ. ಬಸ್ಸಿನ ಡೀಸೆಲ್ಲು ವಿಶ್ವವಿದ್ಯಾಲಯದ ಹೆಸರಿನಲ್ಲಿದೆ, ಹುಡುಗಿಯರ ಟಂಟಂ ಆಟೋ, ಬೈಕುಗಳ ಪೆಟ್ರೋಲು ಅವರವರ ಅಪ್ಪಂದಿರ ಹೆಸರಿನಲ್ಲಿದೆ. ಸರಿ, ಬಸ್ಸನ್ನು ಶೆಡ್ಡಿಗೆ ಹಾಕಿದರು. ಹೊರೆ ಧೊಪ್ಪನೆ ಇಳಿಯಿತು. ತಲೆನೋವಿಗೆ ತಲೆಯನ್ನೇ ತೆಗೆದ ವೈದ್ಯರಿಗೆ ನಾವು ಏನೆಂದು ಕೈಮುಗಿಯಬೇಕು?

ಆಮೇಲೆ ಒಂದೊಂದಾಗಿ ಪವಾಡಗಳು ನಡೆದವು. ಜನರೇಟರು ಕಾಂಪೌಂಡು ದಾಟಿ ಪಕ್ಕದ ಹೊಲಕ್ಕೆ ಹೋಯಿತು. ಈಗ ಅದು ಬಾಡಿಗೆಯದು, ಗುತ್ತಿಗೆದಾರನದು. ಗೋಡೆಯ ಮೇಲಿಂದ ಕೇಬಲ್ಲು ಮಾತ್ರ ಒಳಗೆ ಬರುತ್ತದೆ. ಕರೆಂಟು ಒಳಗೆ, ಹೊಗೆ ಹೊರಗೆ. ಹುಲುಗಪ್ಪನ ಕುರಿಗಳನ್ನು ಗೇಟಿನಾಚೆ ಅಟ್ಟಿದರು. ಅವು ಅದೇ ಗೋಡೆಯ ಆ ಪಕ್ಕ ಮೇಯುತ್ತ ತೇಗುತ್ತಿವೆ. ಈ ಪಕ್ಕದ ಹುಲ್ಲು ಆಳೆತ್ತರ ಬೆಳೆದು ಒಣಗಿದ್ದಕ್ಕೆ ಅದನ್ನು ಕತ್ತರಿಸಲು ಪೆಟ್ರೋಲ್ ಮಷಿನ್ನು ತರಿಸಿದ್ದಾರೆ, ಅದೂ ಗುತ್ತಿಗೆಯೇ. ತಾವು ದಿನಾ ಬಳ್ಳಾರಿಯಿಂದ ಬಂದು ಹೋಗುವ ಎ.ಸಿ. ಕಾರು ಕೂಡ ಗುತ್ತಿಗೆಯದೆಂದು ಕೇಳಿದ್ದೇನೆ. ಅಬ್ಬಾ, ಇಡೀ ಆವರಣದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ್ದೆಂದು ಇನ್ನು ಉಳಿದಿರುವುದು ತಾವು ನೀರು ಹಾಕಿದ ಸಸಿ ಒಂದೇ ಇರಬೇಕು. ಪಂಚಾಯಿತಿಯಲ್ಲಿದ್ದಾಗ ಕಸವನ್ನೆಲ್ಲ ಪಕ್ಕದ ಊರಿನ ಸರಹದ್ದಿನಲ್ಲಿ ಸುರಿದು 'ಸ್ವಚ್ಛ ಗ್ರಾಮಕ್ಕೆ ಸ್ವಾಗತ' ಎಂದು ಬೋರ್ಡು ಹಾಕಿದವರನ್ನು ನೋಡಿದ್ದೆ. ಅವರು ಏಳನೇ ಕ್ಲಾಸು ಓದಿದವರು. ಅದೇ ಕೆಲಸವನ್ನು ಪಿಎಚ್.ಡಿ. ಆದವರು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಈಗ ಬಸ್ಸಿನ ವಿಷಯ. ಅದು ತಮಗೆ ಡೀಸೆಲ್ ಖರ್ಚಿನ ಬಾಬತ್ತು, ನಮಗೆ ಮದುವೆ ಮಾತಿನ ಬಾಬತ್ತು. ಮಗ ಬೀರಲಿಂಗೇಶನಿಗೆ ಹೆಣ್ಣು ಕೇಳಲು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಗೆ ಹೋದಾಗ ಹುಡುಗಿಯ ಅಪ್ಪ ಪಾಲಾಕ್ಷಪ್ಪನವರು ಒಂದೇ ಒಂದು ಬೇಡಿಕೆ ಇಟ್ಟಿದ್ದರು. "ಮಗಳು ಎಂ.ಎಸ್ಸಿ.ಗೆ ಸೇರ್‍ಯಾಳ. ಅದು ಪೂರಾ ಆಗ್ಬೇಕ್ರಿ. ಬ್ಯಾರೆ ಏನೂ ಕೇಳಂಗಿಲ್ಲ" ಎಂದರು. ನಮ್ಮ ಕಡೆಯ ಹಿರಿಯರು ಮುಖ ಮುಖ ನೋಡಿಕೊಂಡರು. ಸೊಸೆ ದಿನಾ ಅಷ್ಟು ದೂರ ಹೋಗಿ ಬರುವುದೆಂದರೆ ಹೇಗೆ, ಯಾರ ಜೊತೆ, ಯಾವ ಹೊತ್ತಿಗೆ ಎಂದು ಗುಸುಗುಸು ಎದ್ದಿತು. ಆಗ ನಾನೇ ಬಾಯಿ ಹಾಕಿದೆ: "ಕಾಲೇಜಿಂದ ಬಸ್ಸು ನಮ್ಮೂರಿಗೇ ಬರ್ತೈತಿ. ಹೆಣ್ಮಕ್ಕಳಾ ತುಂಬಿರ್ತಾರ. ಊರ ಅಗಸಿ ಬಾಗಲ ಮುಂದ ಹತ್ತತಾಳ, ಅಗಸಿ ಮುಂದ ಇಳಿತಾಳ. ಓದಿಸೋ ಜವಾಬ್ದಾರಿ ನಂದು." ಅಲ್ಲಿಗೆ ಗುಸುಗುಸು ನಿಂತಿತು, ಎಲೆ ಅಡಿಕೆ ಬದಲಾಯಿತು. ನಮ್ಮಲ್ಲಿ ಎಲೆ ಅಡಿಕೆ ಬದಲಾದ ಮೇಲೆ ಆಡಿದ ಮಾತು ಆಡಿದ್ದೇ, ಅದಕ್ಕೆ ಬಾಂಡ್ ಪೇಪರು ಬೇಕಿಲ್ಲ. ತಮ್ಮ ಬಸ್ಸು ಹೀಗೆ, ತಮಗೆ ಗೊತ್ತಿಲ್ಲದೆಯೇ, ನಮ್ಮ ಮನೆಯ ಮದುವೆಗೆ ಸಾಕ್ಷಿಯಾಗಿತ್ತು.

ಬಸ್ಸು ನಿಂತ ವಾರ ನನ್ನ ಯಜಮಾನರು ಊಟಕ್ಕೆ ಕೂತಾಗ ಒಂದು ತೀರ್ಪು ಕೊಟ್ಟರು. "ಬಸ್ಸಿನ್ಯಾಗ ಹೋಗಿ ಬರ್ತಾಳ ಅಂತ ಮಾತಾಗಿತ್ತು. ಈಗ ಬಸ್ಸಿಲ್ಲ. ಅಂದಮ್ಯಾಗ ಆ ಮಾತೂ ಇಲ್ಲ."

"ಓದಸ್ತೀನಿ ಅಂದಿದ್ದು ನಾನು, ಬಸ್ಸಲ್ಲ" ಎಂದೆ.

"ಬಸ್ಸು ಐತಿ ಅಂತ್ಹೇಳಿ ಅಂದಿದ್ದಿ. ನಾ ಏನ್ ಮಾತು ತಪ್ಪೀನಿ? ತಪ್ಪಿದ್ರ ಕಾಲೇಜಿನವ್ರು ತಪ್ಯಾರ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಮನುಷ್ಯ ಕೆಟ್ಟವರಲ್ಲ, ಮಾನ್ಯರೇ. ಸೊಸೆಗೆ ಜ್ವರ ಬಂದರೆ ಅವರೇ ಆಸ್ಪತ್ರೆಗೆ ಓಡುತ್ತಾರೆ. ಆದರೆ ಗೋಡೆಯೊಳಗಿನದು ಮಾತ್ರ ಲೆಕ್ಕ ಎನ್ನುವ ತಮ್ಮ ಸಮಿತಿಗೂ, ಬಸ್ಸಿನೊಳಗಿನ ಮಾತು ಮಾತ್ರ ಮಾತು ಎನ್ನುವ ನಮ್ಮ ಯಜಮಾನರಿಗೂ ಒಂದೇ ಮೇಷ್ಟ್ರು ಪಾಠ ಹೇಳಿರಬೇಕು.

ನಾವೇನು ಸುಮ್ಮನೆ ಕೂರಲಿಲ್ಲ. ಲೈನ್‌ಮನ್ ಆಗಿರುವ ಬೀರಲಿಂಗೇಶ ಕೆಲವು ವಾರ ಬೈಕಿನಲ್ಲಿ ಅವಳನ್ನು ಬಿಟ್ಟು ಬಂದ. ಬೆಳಿಗ್ಗೆ ಬಿಡಲು ಹೋಗಿ, ವಾಪಸ್ಸು ಬಂದು, ಸಂಜೆ ಕರೆಯಲು ಹೋಗಿ, ಮತ್ತೆ ಬಂದು, ಹೀಗೆ ಒಬ್ಬ ಹುಡುಗಿಗೆ ದಿನಕ್ಕೆ ನಾಲ್ಕು ಸಲ ಗಾಡಿ ಓಡಿತು. ಆ ಹೊಗೆಯನ್ನು ಎಲ್ಲಿ ಬರೆಯಬೇಕೆಂದು ರೋಜಾಳನ್ನು ಕೇಳಿದರೆ, "ಎಲ್ಲೂ ಬರಿಯಂಗಿಲ್ಲ ಅತ್ತಿ, ಅದು ಗೇಟಿನ ಹೊರಗಿಂದು" ಎಂದಳು. ಅಷ್ಟರಲ್ಲಿ ಅವನಿಗೆ ಹಡಗಲಿ ಕಡೆ ಡ್ಯೂಟಿ ಬಿತ್ತು. ಸರ್ಕಾರಿ ಬಸ್ಸು ಆ ಹೊತ್ತಿಗೆ ನಮ್ಮೂರಿಗಿಲ್ಲ. ಅವಳ ಗೆಳತಿ, ಕೂಡ್ಲಿಗಿಯ ಮೆಕ್ಯಾನಿಕ್ ಉಸ್ಮಾನ್ ಸಾಬರ ಮಗಳು ಸೈಮಾ, ಟಂಟಂನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕೂತು ಹೋಗುತ್ತಾಳೆ. ಅವರ ಊರಿಂದ ಅದಾದರೂ ಸಿಗುತ್ತದೆ. ಪಾಠದ ಫೋಟೋ ತೆಗೆದು ರೋಜಾಳಿಗೆ ಕಳಿಸುತ್ತಾಳೆ. ರೋಜಾ ಶೇಂಗಾ ಸುಲಿದ ಕೈ ಒರೆಸಿಕೊಂಡು ಅದನ್ನು ಓದುತ್ತಾಳೆ.

ಕಳೆದ ತಿಂಗಳು ಪಾಲಾಕ್ಷಪ್ಪನವರು ಮಗಳನ್ನು ನೋಡಲು ಬಂದಿದ್ದರು. ಕೆಲಸದ ದಿನ, ಕಾಲೇಜಿನ ಹೊತ್ತು. ಮಗಳು ಕಟ್ಟೆಯ ಮೇಲಿದ್ದಳು. ಅವರು ಯಾಕೆ ಏನು ಎಂದು ಕೇಳಲಿಲ್ಲ. ಚಹಾ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಕ್ಕಾರ, ಪರೀಕ್ಷಿ ಯಾವಾಗೈತ್ರಿ?" ಎಂದರು ಅಷ್ಟೆ. ನನಗೆ ನೆಲ ಬಾಯಿಬಿಟ್ಟಿದ್ದರೆ ಸಾಕಿತ್ತು ಅನ್ನಿಸಿತು. ಪಂಚಾಯಿತಿ ಸಭೆಗಳಲ್ಲಿ ಗಂಡಸರು ಮೇಜು ಕುಟ್ಟಿದಾಗಲೂ ತಲೆ ತಗ್ಗಿಸದವಳು ನಾನು, ಆ ಬೀಗರ ಮುಂದೆ ತಗ್ಗಿಸಿದೆ. ನನಗೆ ಸಿಟ್ಟು ಬಂದಿದೆ, ಕುಲಪತಿಗಳೇ. ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಗಿದೆ.

ಮರುದಿನವೇ ನಾನು ತಮ್ಮ ಆವರಣಕ್ಕೆ ಬಂದೆ. ತಾವು ಸಿಗಲಿಲ್ಲ, ಹವಾಮಾನ ಸಮ್ಮೇಳನಕ್ಕೆಂದು ವಿಮಾನದಲ್ಲಿ ದೆಹಲಿಗೆ ಹೋಗಿದ್ದಿರಂತೆ. ಹಸಿರು ಸಮಿತಿಯ ಸಂಚಾಲಕರು ಸಿಕ್ಕರು. ಮರ್ಯಾದಸ್ಥರು, ಕುರ್ಚಿ ಕೊಟ್ಟರು, ನೀರು ತರಿಸಿದರು, ಗೋಡೆಗೆ ಹಚ್ಚಿದ್ದ ಇಂಗಾಲದ ನಕ್ಷೆಯ ಗೆರೆ ತೋರಿಸಿದರು. "ನೋಡ್ರಿ ಅಮ್ಮಾರ, ಹೆಂಗ ಇಳಿದೈತಿ!" ಎಂದರು. ನಿಜ, ಚೆನ್ನಾಗಿ ಇಳಿದಿತ್ತು. ಈ ವರ್ಷ ಒಬ್ಬೊಬ್ಬ ವಿದ್ಯಾರ್ಥಿಯ ಓಡಾಟವನ್ನೂ ಮೊಬೈಲಿನಲ್ಲೇ ಕೇಳಿ 'ಹಸಿರು ಅಂಕ' ಕೊಡುತ್ತಿದ್ದೇವೆ ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಇಕಿನ್ನ ನೋಡ್ರಿ, ರೋಜಾ ಅಂತ. ಎಲ್ಲಾರಿಗಿಂತ ಫಸ್ಟು. ದಿನದ ಪ್ರಯಾಣ ಸೊನ್ನಿ, ಹೊಗಿ ಸೊನ್ನಿ! ನಡಕೊಂಡು ಬರ್ತಾಳ ಅಂತ ಕಾಣ್ತೈತಿ. ಇಂಥಾ ಹುಡುಗ್ರು ಇನ್ನೂ ನಾಕು ಮಂದಿ ಆದ್ರ ಸಾಕ್ರಿ."

"ಆಕಿ ನನ್ನ ಸೊಸಿ ಸರ. ಆಕಿ ಕಾಲೇಜಿಗೆ ಬರೋದಾ ಇಲ್ಲ. ನೀವು ಬಸ್ಸು ನಿಲ್ಲಿಸೀರಿ, ಅದಕ್ಕ ಮನ್ಯಾಗ ಅದಾಳ" ಎಂದೆ.

ಅವರು ಕಂಪ್ಯೂಟರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಹೇಳಿದರು: "ಹಂಗಾರ ಸೊನ್ನಿ ಸರೀನ ಐತಲ್ರಿ."

ಈಗ ನಮ್ಮ ಮನೆಗೆ ತಮ್ಮ ವಿಶ್ವವಿದ್ಯಾಲಯದಿಂದ ಒಂದೇ ವಾರದಲ್ಲಿ ಎರಡು ಪತ್ರ ಬಂದಿವೆ. ಒಂದರಲ್ಲಿ ರೋಜಾಳಿಗೆ ಹಾಜರಾತಿ ಕೊರತೆ ಇರುವುದರಿಂದ ಪರೀಕ್ಷೆಗೆ ಅವಕಾಶವಿಲ್ಲ ಎಂದಿದೆ. ಇನ್ನೊಂದರಲ್ಲಿ ಅವಳನ್ನು ವರ್ಷದ ಹಸಿರು ವಿದ್ಯಾರ್ಥಿನಿ ಎಂದು ಸನ್ಮಾನಿಸಲಾಗುವುದು, ತಪ್ಪದೆ ಹಾಜರಿರತಕ್ಕದ್ದು ಎಂದಿದೆ. ಎರಡಕ್ಕೂ ಸಹಿ ಒಬ್ಬರದೇ. ಸಹಿ ಮಾಡಿದವರಿಗೆ ಎರಡನ್ನೂ ಒಟ್ಟಿಗೆ ಓದುವ ಅಭ್ಯಾಸ ಇಲ್ಲವೆಂದು ಕಾಣುತ್ತದೆ. ಬಾರದಿದ್ದಕ್ಕೆ ಶಿಕ್ಷೆ, ಬಾರದಿದ್ದಕ್ಕೇ ಶಾಲು ಹಾರ. ನ್ಯಾಯ ಅಂದರೆ ಹೀಗಿರಬೇಕು! ಈ ಲೆಕ್ಕದಲ್ಲಿ ಮುಂದಿನ ವರ್ಷ ಯಾರೂ ಓದಲು ಬರದಂತೆ ನೋಡಿಕೊಂಡರೆ ತಮ್ಮ ಆವರಣ ಇಡೀ ದೇಶಕ್ಕೇ ಮೊದಲ ಸ್ಥಾನ ಗಳಿಸುವುದರಲ್ಲಿ ಸಂದೇಹವಿಲ್ಲ.

ಆದ್ದರಿಂದ ನನ್ನ ಒತ್ತಾಯ ಹೀಗಿದೆ. ಶೆಡ್ಡಿನಲ್ಲಿರುವ ಬಸ್ಸನ್ನು ಸೋಮವಾರ ಬೆಳಿಗ್ಗೆ ನಮ್ಮ ಅಗಸಿಗೆ ಕಳಿಸಿ. ಬಸ್ಸಿಲ್ಲದ ಕಾರಣಕ್ಕೆ ತಪ್ಪಿದ ಹಾಜರಾತಿಯನ್ನು ಮನ್ನಿಸಿ, ಅವಳನ್ನೂ ಅವಳಂತೆ ಮನೆಯಲ್ಲಿ ಉಳಿದ ಇತರ ಹುಡುಗಿಯರನ್ನೂ ಪರೀಕ್ಷೆಗೆ ಕೂರಿಸಿ. ಬಸ್ಸಿನ ಹೊಗೆಯನ್ನು ಧೈರ್ಯವಾಗಿ ತಮ್ಮ ಹೆಸರಿನಲ್ಲೇ ಬರೆದುಕೊಳ್ಳಿ. ಕಡಿಮೆ ಮಾಡಲೇಬೇಕೆಂದಿದ್ದರೆ ತಾವೂ ಅದೇ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟನ್ನು ಹುಡುಗಿಯರು ಬಿಟ್ಟುಕೊಡುತ್ತಾರೆ. ಶಾಲು ಹಾರ ಬೇರೆ ಯಾರಿಗಾದರೂ ಹಾಕಿ.

ಇದ್ಯಾವುದೂ ಆಗದು ಎಂದಾದರೆ ಒಂದು ಉಪಕಾರ ಮಾಡಿ. ಬಿಡುವು ಮಾಡಿಕೊಂಡು ಚಿಗಟೇರಿಗೆ ಹೋಗಿ ಬನ್ನಿ, ಕಾರು ಹೇಗೂ ಗುತ್ತಿಗೆಯದು. ಪಾಲಾಕ್ಷಪ್ಪನವರ ಮುಂದೆ ಕೂತು, ನಿಮ್ಮ ಮಗಳು ಓದದೆ ಉಳಿದದ್ದರಿಂದ ಭೂಮಿ ಇಷ್ಟು ತಂಪಾಯಿತು ಎಂದು ಅವರಿಗೆ ತಾವೇ ತಿಳಿಸಿ ಹೇಳಿ. ನಾನು ಹೇಳೋಣವೆಂದು ಎರಡು ಸಲ ಫೋನು ಕೈಗೆತ್ತಿಕೊಂಡೆ, ನನ್ನಿಂದಾಗಲಿಲ್ಲ.

ಇಂತಿ,
ತಮ್ಮ ಇಂಗಾಲ ಕಡಿತಕ್ಕೆ ಸ್ವಂತ ಸೊಸೆಯನ್ನೇ ದೇಣಿಗೆ ಕೊಟ್ಟು ರಸೀದಿಗಾಗಿ ಕಾಯುತ್ತಿರುವ
ದಾಕ್ಷಾಯಣಮ್ಮ, ಮಾಜಿ ಅಧ್ಯಕ್ಷೆ
ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು
(ತಮ್ಮ ಗೇಟಿನ ಹೊರಗೆ)