ಯಾರ ಕೈಯ ಅಳತೆ

ಮನೆಯ ಶೆಡ್ಡು
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಹಡಗಿನವರೇ,

ಬೀದಿಯವರು ಕರೆಯುವ ಹೆಸರಿನಿಂದಲೇ ಶುರು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೇಗಿದ್ದೀರಿ? ಸೊಂಟ ನೋವು ಹೇಗಿದೆ? ಎಂಜಿನ್ ಕೋಣೆಯ ಏಣಿ ಹತ್ತಿಳಿಯುವಾಗ ಬೆಲ್ಟ್ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದು ಪೆಟ್ಟಿಗೆಯ ತಳದಲ್ಲೇ ಹಾಯಾಗಿ ಮಲಗಿದೆಯೋ? ನಿಮ್ಮ ಹೊಸ ಅಡುಗೆಯವನಿಗೆ ಉಪ್ಪಿನ ಅಂದಾಜು ಸಿಕ್ಕಿತೇ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳಿಗೆ ಪರೀಕ್ಷೆ ಹತ್ತಿರ ಬಂತು. ಓದುವುದಕ್ಕಿಂತ ಓದುವ ಮೇಜನ್ನು ಒಪ್ಪ ಮಾಡುವುದರಲ್ಲಿ ಅವಳಿಗೆ ಹೆಚ್ಚು ಆಸಕ್ತಿ. ಪೆನ್ಸಿಲುಗಳು ಉದ್ದದ ಪ್ರಕಾರ ಸಾಲಾಗಿ ನಿಂತಿವೆ, ಪುಸ್ತಕ ಮಾತ್ರ ತೆರೆದಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತಲ್ಲ, ವಾಷರ್ ಬದಲಾಯಿಸಿದೆ. ಈಗ ರಾತ್ರಿ ಸದ್ದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀರಿ. ಹಡಗಿನ ಫೋನಿನಲ್ಲಿ ನಿಮ್ಮ ಮಾತು ತಡವಾಗಿ ಬರುತ್ತದೆ, ನನ್ನ ಮಾತು ತಡವಾಗಿ ಹೋಗುತ್ತದೆ, ನಡುವಿನ ಮೌನವನ್ನು ನೀವು ನನ್ನ ಒಪ್ಪಿಗೆ ಎಂದುಕೊಳ್ಳುತ್ತೀರಿ. ಅದಕ್ಕೇ ಪತ್ರ. ಮೊದಲು ಇಂಗ್ಲಿಷಿನಲ್ಲಿ ಬರೆಯೋಣವೆಂದು ಕೂತೆ. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಕೋಪ ಬಂದಾಗ ನಾಲಿಗೆಗೆ ಮೊದಲು ಬರುವುದೂ ಅದೇ. ನಾಲ್ಕು ಸಾಲು ಬರೆದು ಓದಿಕೊಂಡರೆ ಬ್ಯಾಂಕಿಗೆ ದೂರು ಕೊಟ್ಟ ಹಾಗಿತ್ತು. ಹರಿದು ಹಾಕಿದೆ. ಈ ಭಾಷೆಯಲ್ಲಿ ಬರೆದರೆ ಕೊನೇಪಕ್ಷ ಜಗಳ ನಮ್ಮ ಮನೆಯದು ಅನ್ನಿಸುತ್ತದೆ. ಶೆಡ್ಡಿನ ಮೇಜಿನ ಮೇಲೆ ಕಾಗದ ಹರಡಿಕೊಂಡಿದ್ದೇನೆ. ಇವತ್ತು ಇಲ್ಲಿ ಜಾಗ ಧಾರಾಳವಾಗಿದೆ.

ವಿಷಯ ರೆಂಚಿನದು. ಜನವರಿಯಲ್ಲಿ ನೀವೇ ಫೋನ್ ಮಾಡಿ ಹೇಳಿದಿರಿ: “ವರ್ಕ್‌ಶಾಪಿಗೆ ಒಂದು ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ತಗೊಳ್ಳೋಣ. ಯಾವ ಸೈಜು ಬೇಕು ಅಂತ ನೀನೇ ನೋಡಿ ಹೇಳು, ಮೇಡಮ್ಮ.” ನಲವತ್ತು ದಾಟಿದ ಹೆಂಗಸು ಒಂದು ರೆಂಚಿಗಾಗಿ ಅಷ್ಟು ಹಿಗ್ಗಬಾರದು. ಆದರೆ ಹಿಗ್ಗಿದೆ, ಸುಳ್ಳೇಕೆ. ರೆಂಚಿಗಿಂತಲೂ ಆ ‘ವರ್ಕ್‌ಶಾಪು’ ಎಂಬ ಮಾತಿಗೆ. ಅಲ್ಲಿಯವರೆಗೆ ಇದು ನಿಮ್ಮ ಬಾಯಲ್ಲಿ ಶೆಡ್ಡು, ನಾನು ಮಾಡುವುದು “ನಿನ್ನ ತಿರುಪು ಬಿಚ್ಚೋ ಆಟ.” ನಿಮ್ಮ ಹಳೆಯ ಸಾಮಾನು ಪೇರಿಸಿಟ್ಟಿದ್ದ ಈ ಕೋಣೆಯನ್ನು ನಾನು ಗುಡಿಸಿ, ಮೊದಲು ನನ್ನ ಸ್ಕೂಟರನ್ನೇ ಬಿಚ್ಚಿ ಕಲಿತು, ಆಮೇಲೆ ಪಕ್ಕದ ಮನೆಯವರದು, ಆಮೇಲೆ ಇಡೀ ಬೀದಿಯದು ರಿಪೇರಿ ಮಾಡುವಂತಾದಾಗಲೂ ಅದು ಆಟವೇ ಆಗಿತ್ತು. ಈಗ ಏಕಾಏಕಿ ವರ್ಕ್‌ಶಾಪು ಆಯಿತಲ್ಲ, ಕೊನೆಗೂ ಇವರ ಕಣ್ಣಿಗೆ ಬಿತ್ತು ಅಂದುಕೊಂಡೆ.

ಆ ಯಂತ್ರ ನನಗೆ ಎಷ್ಟು ಬೇಕಾಗಿತ್ತು ಎಂಬುದು ನಿಮಗೆ ಗೊತ್ತು. ಸ್ಕೂಟರಿನ ಬೆಲ್ಟಿನ ಕಡೆಯ ದೊಡ್ಡ ನಟ್ಟಿಗೆ ಕೈ ಸ್ಪ್ಯಾನರ್ ಹಾಕಿದರೆ ನಟ್ಟಿನ ಜೊತೆ ಬೆಲ್ಟ್ ಸುತ್ತುವ ಪುಲ್ಲಿಯೂ ತಿರುಗುತ್ತದೆ. ಮಗಳು ಒಂದು ಕಡೆ ಪುಲ್ಲಿ ಅದುಮಿ ಹಿಡಿದು, ನಾನು ಇನ್ನೊಂದು ಕಡೆ ಸ್ಪ್ಯಾನರಿಗೆ ನೇತುಬಿದ್ದು, ಇಬ್ಬರಿಗೂ ನಗು ಬಂದು ಕೈಬಿಟ್ಟು ಕೂತದ್ದೂ ಉಂಟು. ಇಂಪ್ಯಾಕ್ಟ್ ರೆಂಚ್ ಸುತ್ತಿಗೆಯ ಹಾಗೆ ಪಟಪಟ ಹೊಡೆದು ತಿರುಗಿಸುವುದರಿಂದ ಪುಲ್ಲಿ ಮಿಸುಕುವ ಮೊದಲೇ ನಟ್ಟು ಬಿಟ್ಟುಕೊಡುತ್ತದೆ. ಹಾಗಾಗಿ ಸೈಜು ನೋಡುವುದನ್ನು ನಾನು ವ್ರತದಂತೆ ಮಾಡಿದೆ. ಯಂತ್ರದ ಸಾಮಾನಿನ ಅಂಗಡಿಯವರು “ಯಜಮಾನ್ರು ಬರಲಿಲ್ವಾ?” ಅಂತ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. “ಬರ್ತಾರೆ, ಹಡಗು ತಿರುಗಿಸಿಕೊಂಡು” ಅಂದೆ. ನಟ್ಟಿಗೆ ತೊಡಿಸುವ ಸಾಕೆಟ್ ಕೂರುವ ಚೌಕದ ಮೂತಿಯ ಅಳತೆಯನ್ನೇ ಸೈಜು ಅನ್ನುವುದು. ಅರ್ಧ ಇಂಚಿನದನ್ನು ಕೈ ಚಾಚಿ ಹಿಡಿದೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಬೇಡ ಅಂದಿತು. ಅದಕ್ಕಿಂತ ಚಿಕ್ಕದು, ತ್ರೀ-ಬೈ-ಎಯ್ಟ್ ಇಂಚಿನ ಮೂತಿಯದನ್ನು ಹಿಡಿದೆ. ಹಾಲಿನ ಪಾತ್ರೆ ಎತ್ತಿದಷ್ಟು ಸಲೀಸು. ಇಕ್ಕಟ್ಟಿನಲ್ಲಿ ತೂರುತ್ತದೆ, ಸ್ಕೂಟರಿನ ಯಾವ ನಟ್ಟಿಗೂ ಅದರ ಶಕ್ತಿ ಸಾಕು, ಚಿಕ್ಕ ಬೋಲ್ಟುಗಳ ಕತ್ತು ಮುರಿಯುವ ಭಯ ಕಡಿಮೆ. ಯಾವತ್ತಾದರೂ ಕಾರಿನ ಚಕ್ರ ಹಟ ಮಾಡಿದರೆ ಉದ್ದ ಹಿಡಿಯ ಸ್ಪ್ಯಾನರ್ ಇದೆ, ನನ್ನ ಮೈಭಾರವೂ ಇದೆ. ಮನೆಗೆ ಬಂದು ಇಷ್ಟನ್ನೂ ಬರೆದು ಕಳಿಸಿದೆ: ಮುಕ್ಕಾಲು ಇಂಚು ನಿಮ್ಮ ಹಡಗಿಗೆ, ಅರ್ಧ ಇಂಚು ದೊಡ್ಡ ಗಾಡಿಗಳಿಗೆ, ನನಗೆ ತ್ರೀ-ಬೈ-ಎಯ್ಟ್. ನೀವು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದಿರಿ. ಅದನ್ನು ನಾನು ಉತ್ತರ ಎಂದುಕೊಂಡೆ.

ರಜೆಗೆ ಬಂದ ನಿಮ್ಮ ಜೊತೆಗಾರರು ಪೆಟ್ಟಿಗೆ ತಂದುಕೊಟ್ಟು ಹೋದರು. ಬಿಚ್ಚಿದರೆ ಅರ್ಧ ಇಂಚು, ಅದರಲ್ಲೂ ಇರುವುದರಲ್ಲೆಲ್ಲ ದೊಡ್ಡದು. ಮಗಳು ಇಣುಕಿ, “ಅಮ್ಮಾ, ಇದು ರೆಂಚಾ, ಫಿರಂಗಿನಾ?” ಅಂದಳು. ಜೊತೆಗೆ ಒಂದು ಜೊತೆ ಗ್ಲೋವ್ಸು. ಒಳಗೆ ನನ್ನ ಕೈ ಹಾಕಿದರೆ ಗಂಟೆಯ ನಾಲಿಗೆಯ ಹಾಗೆ ಆಡುತ್ತಿತ್ತು. ಊರಿಗೆ ಬಂದಾಗ ಹಾಕಿಕೊಳ್ಳಲು ನಿಮಗೇ ಇಟ್ಟುಕೊಂಡದ್ದು ಅಂದುಕೊಂಡು ಗೋಡೆಯ ಮೊಳೆಗೆ ಸಿಕ್ಕಿಸಿದೆ. ನಿಮ್ಮ ಪರವಾಗಿ ಎಷ್ಟು ವಾದ ಮಾಡಿದೆ ಗೊತ್ತೇ. ಹಡಗಿನಲ್ಲಿ ನಟ್ಟೆಂದರೆ ನನ್ನ ಮುಷ್ಟಿಯಷ್ಟಿರುತ್ತದೆ, ಅದನ್ನೇ ನೋಡಿ ನೋಡಿ ಇವರಿಗೆ ಅರ್ಧ ಇಂಚು ಆಟಿಕೆಯಂತೆ ಕಂಡಿರಬೇಕು. ಅಂಗಡಿಯಲ್ಲಿ ಚಿಕ್ಕದು ಖಾಲಿಯಾಗಿರಬೇಕು. ದೊಡ್ಡದೇ ಒಳ್ಳೆಯದೆಂದು ಪ್ರೀತಿಗೆ ತಂದಿರಬೇಕು. ಎರಡೂ ಕೈಯಲ್ಲಿ ಹಿಡಿದು ಕೆಲಸವನ್ನೂ ಮಾಡಿದೆ. ಯಂತ್ರ ಹಿಂದಕ್ಕೆ ಒದ್ದಿತು. ಮಣಿಕಟ್ಟಿಗೆ ಪಟ್ಟಿ ಸುತ್ತಿ ಮತ್ತೆ ಮಾಡಿದೆ. ಫೋನಿನಲ್ಲಿ ನೀವು “ಹೇಗಿದೆ?” ಅಂದಾಗ “ಗಟ್ಟಿಯಾಗಿದೆ” ಅಂದೆ. ಅದು ಸುಳ್ಳಲ್ಲ.

ಮುಂದಿನ ಭಾನುವಾರ ನಿಮ್ಮ ತಮ್ಮ ಬಂದ. ಡಿಪೋದಲ್ಲಿ ಕೆಲಸ ಹೋದ ಮೇಲೆ ಆಗಾಗ ಬಂದು ಹೋಗುತ್ತಾನೆ, ನನಗೆ ಅದೇನು ಭಾರವಲ್ಲ. ಸೀದಾ ಶೆಡ್ಡಿಗೆ ಬಂದವನು ಮೊಳೆಯಿಂದ ಗ್ಲೋವ್ಸ್ ತೆಗೆದು ಹಾಕಿಕೊಂಡ. ಚರ್ಮದ ಹಾಗೆ ಕೂತಿತು. ಬೆರಳು ಮಡಚಿ ಬಿಡಿಸಿ ಖುಷಿಯಾಗಿ ಹೇಳಿದ: “ಅಣ್ಣ ಕೇಳಿದ್ದ ಅತ್ತಿಗೆ. ಪೇಪರ್ ಮೇಲೆ ಕೈ ಇಟ್ಟು ಸುತ್ತ ಗೆರೆ ಎಳೆದು ಫೋಟೋ ಕಳಿಸಿದ್ದೆ. ನೋಡಿ, ಹೇಗೆ ಕೂತಿದೆ.” ಆಮೇಲೆ ಫಿರಂಗಿಯನ್ನು ಒಂದೇ ಕೈಯಲ್ಲಿ ಎತ್ತಿ ಗಾಳಿಯಲ್ಲಿ ಡರ್ರನೆ ಓಡಿಸಿದ. ನನ್ನ ಮುಖ ಹೇಗಿತ್ತೋ, “ಅಣ್ಣ ನಿಮಗೆ ಹೇಳಿಲ್ವಾ? ಏಪ್ರಿಲ್ ಒಂದನೇ ತಾರೀಖಿಂದ ನಾನೇ ಇಲ್ಲಿ ಕೂರ್ತೀನಿ. ನೀವು ಫೋನು, ಬಿಲ್ಲು ನೋಡ್ಕೊಂಡ್ರೆ ಸಾಕು. ಈ ಗ್ರೀಸಲ್ಲಿ ಕೈ ಹಾಕೋ ಕರ್ಮ ಇನ್ನು ನಿಮಗೆ ಬೇಡ” ಅಂದ. ನಾನೇನು ಹೇಳಿದೆ ಅಂದುಕೊಂಡಿರಿ? “ಕಾಫಿ ಕುಡೀತೀಯಾ?” ಅಂದೆ. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಿಂತಿದ್ದೆ, ಉಕ್ಕಿದ್ದೂ ಕಾಣಲಿಲ್ಲ. ಶೆಡ್ಡು ಯಾಕೆ ವರ್ಕ್‌ಶಾಪು ಆಯಿತು ಎಂಬುದು ಆಗ ತಿಳಿಯಿತು. ಗಂಡಸು ಬಂದು ಕೂರುವುದಿತ್ತು, ಅದಕ್ಕೆ ಹೆಸರು ಮೊದಲೇ ಬಂದು ಕೂತಿತ್ತು.

ನಾನು ಸಣ್ಣತನ ಮಾಡುತ್ತಿದ್ದೇನೆಯೇ ಎಂದು ಅವತ್ತಿನಿಂದ ಕೇಳಿಕೊಳ್ಳುತ್ತಲೇ ಇದ್ದೇನೆ. ಹುಡುಗ ಕೆಟ್ಟವನಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದವನು. ಕೆಲಸವಿಲ್ಲದೆ ಮುಖ ಬಾಡಿದೆ, ಅದೂ ಕಾಣುತ್ತದೆ. ನೀವು ನನ್ನನ್ನು ಕೇಳಿದ್ದರೆ ಏನನ್ನುತ್ತಿದ್ದೆ? ಸರಿ, ಬರಲಿ, ನನ್ನ ಕೈಕೆಳಗೆ ಕಲಿಯಲಿ ಅನ್ನುತ್ತಿದ್ದೆ ಅನ್ನಿಸುತ್ತದೆ. ಖಂಡಿತ ಹೇಳಲಾರೆ, ಯಾಕೆಂದರೆ ಆ ಉತ್ತರ ಕೊಡುವ ಸಂದರ್ಭವೇ ನನಗೆ ಬರಲಿಲ್ಲ. ನೀವು ಸಮುದ್ರದ ನಡುವಿನಿಂದ ಅವನ ಕೈಯ ಅಳತೆ ತರಿಸಿಕೊಂಡಿರಿ, ಬೆರಳು ಬೆರಳಿಗೂ ಗೆರೆ ಎಳೆಸಿ. ಮದುವೆಯಾದಾಗಿನಿಂದ ನೀವು ಹಿಡಿದ ಕೈ ನನ್ನದು. ಅದರ ಅಳತೆ ನಾನೇ ಬರೆದು ಕಳಿಸಿದರೂ ನಿಮಗೆ ಬೇಕಾಗಲಿಲ್ಲ. ಹಾಗಾದರೆ ನನ್ನನ್ನು ಅಂಗಡಿ ಅಂಗಡಿ ಅಲೆಸಿದ್ದು ಯಾಕೆ ಎಂಬುದೊಂದು ಅರ್ಥವಾಗುವುದಿಲ್ಲ. ನನಗೂ ಒಂದು ಆಟಿಕೆ ಇರಲಿ ಅಂತಲೇ?

ಅವನು ಒಂದನೇ ತಾರೀಖಿನವರೆಗೂ ಕಾಯಲಿಲ್ಲ. ಎರಡು ದಿನ ಬಿಟ್ಟು ನಾನು ಮಗಳ ಶಾಲೆಗೆ ಹೋಗಿದ್ದಾಗ ನರ್ಸಮ್ಮ ಸ್ಕೂಟರ್ ತಂದಿದ್ದಾರೆ, ಮೂರು ಬೀದಿ ಆಚೆ ಒಬ್ಬರೇ ಇದ್ದಾರಲ್ಲ, ಆಸ್ಪತ್ರೆಯವರು. ಬೆಲ್ಟ್ ಬದಲಾಯಿಸುವ ಕೆಲಸ. “ಅತ್ತಿಗೆ ಹೇಳಿದ್ದಾರೆ, ನಾನೇ ಮಾಡಿಡ್ತೀನಿ” ಅಂದನಂತೆ. ನಾನು ಹೇಳಿರಲಿಲ್ಲ. ಬೆಲ್ಟ್ ಹಾಕಿದ್ದು ಸರಿಯಾಗಿಯೇ ಇತ್ತು. ಕೊನೆಗೆ ನಟ್ಟು ಬಿಗಿಯುವಾಗ ಫಿರಂಗಿಯನ್ನು ಇಟ್ಟು, ಇನ್ನು ತಿರುಗುವುದಿಲ್ಲ ಅನ್ನುವವರೆಗೂ ಒತ್ತಿ ಹಿಡಿದಿದ್ದಾನೆ. ಎಂಜಿನಿನಿಂದ ಬರುವ ಶಾಫ್ಟಿನ ತಿರುಪಿನ ಗೆರೆಗಳೇ ಕಿತ್ತು ಪುಡಿಯಾಗಿ ಬಂದಿದ್ದವು. ಬಿಚ್ಚುವಾಗ ಯಂತ್ರ, ಕೊನೆಯ ಬಿಗಿತ ಯಾವಾಗಲೂ ಕೈಯಿಂದ: ಈ ಪಾಠ ನಿಮ್ಮದೇ. ಇದೇ ಮೇಜಿನ ಮುಂದೆ ನನ್ನ ಮೊಣಕೈ ಹಿಡಿದು ಕಲಿಸಿದಿರಿ. ತಮ್ಮನಿಗೆ ಗ್ಲೋವ್ಸ್ ಕಳಿಸಿದಿರಿ, ಪಾಠ ಕಳಿಸಲು ಮರೆತಿರಿ. ನಾನು ಬಂದಾಗ ಅವನು, “ನಟ್ಟೇ ಲೊಡ್ಡು ಅತ್ತಿಗೆ” ಅಂದ. ನರ್ಸಮ್ಮ ಊಟದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೂಗಾಡಲಿಲ್ಲ. “ಮೇಡಮ್ಮ, ನಾನು ಗಾಡಿ ಬಿಟ್ಟಿದ್ದು ನಿಮ್ಮ ಕೈಗೆ ಅಂತ. ನೀವು ಮುಟ್ಟಲ್ಲ ಅಂದಿದ್ರೆ ಹಾಗೇ ತಳ್ಕೊಂಡು ಹೋಗ್ತಿದ್ದೆ” ಅಂದರು ಅಷ್ಟೆ. ನನ್ನ ಸ್ಕೂಟರಿನ ಕೀಲಿ ಕೊಟ್ಟು ಕಳಿಸಿದೆ. ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಶಾಫ್ಟ್ ಹಾಕಿ, ಮೊನ್ನೆ ಶುಕ್ರವಾರ ಗಾಡಿ ಒಪ್ಪಿಸಿದೆ. ಅಷ್ಟು ದಿನವೂ ನಿಮ್ಮ ತಮ್ಮ ಈ ಕಡೆ ತಲೆ ಹಾಕಲಿಲ್ಲ.

ತಲೆ ಹಾಕದೆ ನಿಮಗೆ ಫೋನ್ ಮಾಡಿದ್ದ. ನೀವು ನನಗೆ ಮಾಡಿದಿರಿ. “ಕಲಿಯೋವಾಗ ಮುರಿಯುತ್ತೆ, ನೀನು ಮುರಿದಿಲ್ವಾ?” ಅಂದಿರಿ. ಮುರಿದಿದ್ದೇನೆ, ನನ್ನ ಸ್ವಂತ ಗಾಡಿಯದು. “ಅವನು ಗಂಡಸು, ಮನೇಲಿ ಕೂತ್ರೆ ಕೆಟ್ಟು ಹೋಗ್ತಾನೆ. ನೀನು ದೊಡ್ಡವಳು, ಸ್ವಲ್ಪ ಹೊಂದ್ಕೋ” ಅಂದಿರಿ. ಕೊನೆಗೆ ನಗುತ್ತಾ, “ಅಷ್ಟಕ್ಕೂ ನೀನು ಅದನ್ನ ಹೊತ್ತು ಕಳೆಯೋಕೆ ಅಂತ ತಾನೇ ಶುರು ಮಾಡಿದ್ದು?” ಅಂದಿರಿ. ಲೈನಿನಲ್ಲಿ ಬಹಳ ಹೊತ್ತು ಸದ್ದಿರಲಿಲ್ಲ. ನೀವು “ಸರಿ ಹಾಗಾದ್ರೆ” ಅಂದು ಇಟ್ಟುಬಿಟ್ಟಿರಿ. ಆ ಮೌನ ಹಡಗಿನದಲ್ಲ, ನನ್ನದು. ಅದರಲ್ಲಿ ಒಪ್ಪಿಗೆ ಇರಲಿಲ್ಲ. ಏನಿತ್ತೆಂದು ಹುಡುಕಿ ಹೇಳುವುದಕ್ಕೆ ಇಷ್ಟು ಕಾಗದ ಬೇಕಾಯಿತು, ನೋಡಿ.

ಊಟ ಹೊತ್ತುಹೊತ್ತಿಗೆ ಮಾಡಿ. ಬೆಲ್ಟ್ ಕಟ್ಟಿಕೊಳ್ಳದೆ ಏಣಿ ಹತ್ತಬೇಡಿ. ನನ್ನ ಮೇಲಿನ ಸಿಟ್ಟನ್ನು ಸೊಂಟದ ಮೇಲೆ ತೀರಿಸಿಕೊಳ್ಳಬೇಡಿ. ಮಗಳು ಮುತ್ತು ಕಳಿಸಿದ್ದಾಳೆ, ಜೊತೆಗೆ ಒಂದು ಪ್ರಶ್ನೆ: ಹಡಗಿನಲ್ಲಿ ಹೆಂಗಸರು ಎಂಜಿನ್ ಕೋಣೆಗೆ ಇಳಿಯಬಹುದೇ? ಅದಕ್ಕೆ ಉತ್ತರವನ್ನು ಅವಳಿಗೇ ಬರೆಯಿರಿ, ಹೆಬ್ಬೆರಳು ಕಳಿಸಬೇಡಿ. ನಿಮ್ಮ ಅಡುಗೆಯವನಿಗೆ, ಪೆಟ್ಟಿಗೆ ತಂದುಕೊಟ್ಟವರಿಗೆ ನನ್ನ ನಮಸ್ಕಾರ. ನೀವು ಎಲ್ಲಿದ್ದರೂ ಸುಖವಾಗಿರಿ ಎಂದು ಈಗಲೂ ಮನಸ್ಸಾರೆ ಬರೆಯಲು ಆಗುತ್ತಿದೆ. ಅದು ನನಗೇ ಆಶ್ಚರ್ಯ.

ಇಂತಿ
ನಿಮ್ಮ ಮೇಡಮ್ಮ

ಮತ್ತೆ: ಲಕೋಟೆ ಅಂಟಿಸುವ ಮೊದಲು ಬೇಗ ಬರೆದುಬಿಡುತ್ತೇನೆ, ಮಗಳು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಇವತ್ತು ಸಂಜೆ ಶೆಡ್ಡಿನ ಕೀಲಿ ನಿಮ್ಮ ತಮ್ಮನಿಗೆ ಕೊಡುತ್ತೇನೆ. ಒಳಗೆ ಈ ಮೇಜಿದೆ, ಗೋಡೆಯ ಮೊಳೆಗಳಲ್ಲಿ ನಿಮ್ಮ ರೆಂಚು, ಅವನ ಗ್ಲೋವ್ಸು ಇವೆ. ಬೇರೇನೂ ಇಲ್ಲ. ನನ್ನ ಸ್ಪ್ಯಾನರುಗಳು, ಸಾಕೆಟ್ ಡಬ್ಬಿ, ಕೆಲಸ ಬಿಗಿದು ಹಿಡಿಯುವ ವೈಸು, ಬಾಗಿಲ ಮೇಲಿದ್ದ ರಿಪೇರಿ ಬೋರ್ಡು ಎಲ್ಲವೂ ನಿನ್ನೆ ನರ್ಸಮ್ಮನ ಮನೆಯ ಖಾಲಿ ಕಾರು ಕೋಣೆಗೆ ಹೋದವು. ಗಾಡಿ ಒಪ್ಪಿಸಿದ ದಿನ, ಅಲ್ಲಿ ಬಂದು ಕೆಲಸ ಮಾಡುತ್ತೀರಾ ಎಂದು ಅವರೇ ಕೇಳಿದರು, ಬಾಡಿಗೆ ಮಾತಾಡಿಯೇ ಒಪ್ಪಿದ್ದೇನೆ. ತ್ರೀ-ಬೈ-ಎಯ್ಟ್ ನಾನೇ ಕೊಂಡೆ. ಕೈಗೆ ಸರಿಯಾಗಿದೆ. ಹೆದರಬೇಡಿ, ಮನೆ ಬಿಟ್ಟಿಲ್ಲ. ನೀವು ಬಂದಾಗ ಊಟ, ಹಾಸಿಗೆ ಎಲ್ಲ ಇಲ್ಲೇ ಇರುತ್ತದೆ. ಆದರೆ ಆ ಕಾರು ಕೋಣೆಗೆ, ಗಾಡಿ ಕೆಲಸವಿದ್ದರೆ ಮಾತ್ರ ಬನ್ನಿ. ಬೋರ್ಡಿನ ಕೆಳಗೆ ಬೆಂಚಿದೆ, ನಿಮ್ಮ ಸರದಿ ಬರುವವರೆಗೆ ಕೂತಿರಬಹುದು.