ಎರಡು ಮಹಡಿಯ ಸುಳ್ಳು

ಪುಟ್ಟೀ,

ನಾನು ಆಸ್ಪತ್ರೆಗೆ ಹೊರಟೆ. ನಿಮ್ಮಪ್ಪ ಎದ್ದ ಮೇಲೆ ಬಿಳಿ ಮಾತ್ರೆ ಕೊಡು, ತಿಂಡಿಗೆ ಮುಂಚೆ. ಫೋನ್ ಹಿಡಿದು ಕೂತು ಮರೆಯಬೇಡ.

ನಿನ್ನೆ ಅಪ್ಪನನ್ನು ನೋಡಿದ ಡಾಕ್ಟರು, "ಕರುಳಿನ ಗಡ್ಡೆ ತೆಗೆಯೋದು ಕಷ್ಟ ಅಲ್ಲ, ಈ ವಯಸ್ಸಲ್ಲಿ ಎದೆ ತಡ್ಕೊಳ್ಳುತ್ತಾ ಅನ್ನೋದೇ ಪ್ರಶ್ನೆ. ಮೆಟ್ಟಿಲು ಹತ್ತುತ್ತಾರಾ?" ಎಂದು ಕೇಳಿದರು. ಎಲ್ಲಿ ಆಪರೇಷನ್ ಬೇಡ ಅಂದುಬಿಡುತ್ತಾರೋ ಎಂಬ ಭಯಕ್ಕೆ, "ಎರಡು ಮಹಡಿ ನಿಲ್ಲದೆ ಹತ್ತುತ್ತಾರೆ" ಅಂದುಬಿಟ್ಟೆ. ಮೂರು ತಿಂಗಳಿಂದ ಅವರು ಮೊದಲ ಮಹಡಿಯವರ ಹೂಕುಂಡ ನೋಡುವ ನೆಪದಲ್ಲಿ ನಿಂತು ಸುಧಾರಿಸಿಕೊಳ್ಳುವುದು ನನಗೆ ಗೊತ್ತಿಲ್ಲವೇ? ಅವರೋ, ನನ್ನ ಮುಖ ನೋಡಿ, ಹೌದೆಂದು ತಲೆಯಾಡಿಸಿದರು. ನಾಲ್ಕು ಜನರ ಮುಂದೆ ಎಂದೂ ನನ್ನ ಮಾತು ತೆಗೆದುಹಾಕಿದವರಲ್ಲ.

ಮನೆಗೆ ಬಂದು ಎರಡು ಮಹಡಿಯನ್ನೂ ನಿಲ್ಲದೆ ಹತ್ತಿದರು. ಆಮೇಲೆ ಬಾಗಿಲಿಗೆ ಒರಗಿ ಹತ್ತು ನಿಮಿಷ ಏದುಸಿರು ಬಿಟ್ಟರು. ನೀನು ಕೇಳಿದಾಗ ಬಿಸಿಲಿಗೆ ಸುಸ್ತು ಅಂದೆನಲ್ಲ, ಅದೂ ಸುಳ್ಳೇ.

ಡಾಕ್ಟರಿಗೆ ನಿಜ ಹೇಳಿ ಬರುತ್ತೇನೆ. ಬೈದರೆ ಬೈಯಲಿ. ನಾನು ಎಲ್ಲಿ ಹೋದೆ ಎಂದು ಅಪ್ಪ ಕೇಳಿದರೆ ನೀನೂ ನಿಜವನ್ನೇ ಹೇಳು. ಆದರೆ ನಾನು ಬರುವವರೆಗೆ ಅವರನ್ನು ಕೆಳಗೆ ಇಳಿಯಲು ಬಿಡಬೇಡ. ಇಳಿದರೆ ಮತ್ತೆ ಹತ್ತಿ ತೋರಿಸುತ್ತಾರೆ.

ಅಮ್ಮ